ಮೊದಲು ಫೋನ್ ಮಾಡಿದ ರೈತ ಸೋಲಬಾರದು: ಹಕ್ಕಿ ಜ್ವರದ ಹಣದ ಬಗ್ಗೆ ಒಂದು ಬಹಿರಂಗ ಪತ್ರ

ಮಾನ್ಯ ಪಶುಸಂಗೋಪನಾ ಆಯುಕ್ತರು,
ಮಹಾರಾಷ್ಟ್ರ ಸರ್ಕಾರ, ಔಂಧ್, ಪುಣೆ ಇವರಿಗೆ

ಪ್ರತಿ: ಕೇಂದ್ರ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆ, ನವದೆಹಲಿ, ಪುಣೆ ಮತ್ತು ಪಿಂಪ್ರಿ-ಚಿಂಚವಡ ಮಹಾನಗರ ಪಾಲಿಕೆಗಳು, ಹಾಗೂ ಇಲ್ಲಿ ನೆಲೆಸಿರುವ ನಮ್ಮ ಕನ್ನಡದ ಜನ

ಮಾನ್ಯರೇ, ನಮಸ್ಕಾರ.

ನಾನು ಚಿಂಚವಡದಲ್ಲಿ ಮೊಟ್ಟೆಯ ಸಗಟು ವ್ಯಾಪಾರ ಮಾಡುವವನು. ಮೂಲ ಊರು ವಿಜಯಪುರ ಜಿಲ್ಲೆ. ಶಿರೂರು, ದೌಂಡ, ಖೇಡ ಕಡೆಯ ಫಾರ್ಮುಗಳಿಂದ ನಮ್ಮ ಗೋದಾಮಿಗೆ ಮೊಟ್ಟೆ ಬರುತ್ತದೆ. ಅಲ್ಲಿಂದ ಭುರ್ಜಿ ಗಾಡಿ, ಮೆಸ್ಸು, ಬೇಕರಿ, ಕಿರಾಣಿ ಅಂಗಡಿ, ನಮ್ಮ ಕರಾವಳಿಯವರ ಹೋಟೆಲು ಹೀಗೆ ಊರೆಲ್ಲ ಹೋಗುತ್ತದೆ. ಹಕ್ಕಿ ಜ್ವರದ ಸುದ್ದಿ ಬಂದಾಗಲೆಲ್ಲ ನಮ್ಮ ಕಸುಬಿಗೆ ಪೆಟ್ಟು ಬೀಳುತ್ತದೆ. ಅದನ್ನು ಹೇಳಿಕೊಳ್ಳಲು ನಾನು ಬರೆಯುತ್ತಿಲ್ಲ. ಈ ರೋಗಕ್ಕೆಂದು ಸರ್ಕಾರ ಇಡುವ ಹಣ ಯಾವ ಹೊತ್ತಿಗೆ, ಯಾರ ಕೈಗೆ ಹೋಗುತ್ತದೆ ಅನ್ನುವುದರ ಬಗ್ಗೆ ಬರೆಯುತ್ತಿದ್ದೇನೆ. ಈ ಪತ್ರದ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಕೊಡುತ್ತೇನೆ. ಶೆಡ್ಡುಗಳಲ್ಲಿ ದುಡಿಯುವವರಲ್ಲಿ, ಮೊಟ್ಟೆ ಮಾರುವವರಲ್ಲಿ, ಕೊಳ್ಳುವವರಲ್ಲಿ ಕನ್ನಡದವರು ಬಹಳ ಇದ್ದಾರೆ. ಅವರೂ ಓದಲಿ ಅಂತ ಇದು ಕನ್ನಡದಲ್ಲಿದೆ.

ನನ್ನ ಬೇಡಿಕೆ ಒಂದೇ. ಕೋಳಿ ಸಾಯತೊಡಗಿದ ದಿನವೇ ಇಲಾಖೆಗೆ ಫೋನ್ ಮಾಡುವ ರೈತನಿಗೆ ಆ ಫೋನಿನಿಂದ ನಷ್ಟ ಆಗಬಾರದು. ಹಣವನ್ನು ಆ ಲೆಕ್ಕದಲ್ಲಿ ಇಡಿ.

ಈಗಿನ ನಿಯಮ ಹೀಗಿದೆ. ರೋಗ ಖಚಿತವಾದ ಜಾಗದ ಸುತ್ತ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ಕೊಲ್ಲಬೇಕು. ಹತ್ತು ಕಿಲೋಮೀಟರ್ ತನಕ ನಿಗಾ ಇಡಬೇಕು. ಸರ್ಕಾರ ಕೊಂದ ಕೋಳಿಗೆ, ನಾಶ ಮಾಡಿದ ಮೊಟ್ಟೆಗೆ, ಫೀಡಿಗೆ ಪರಿಹಾರ ಇದೆ. ಕೇಂದ್ರ ಅರ್ಧ ಕೊಡುತ್ತದೆ, ರಾಜ್ಯ ಅರ್ಧ ಕೊಡುತ್ತದೆ. ರೋಗ ಬಂದು ತಾನಾಗಿ ಸತ್ತ ಕೋಳಿಗೆ ಏನೂ ಇಲ್ಲ. ಇದರ ಹಿಂದಿನ ಆಲೋಚನೆ ನನಗೆ ಅರ್ಥವಾಗುತ್ತದೆ. ಸತ್ತ ಮೇಲೆ ಹೇಳಿದರೆ ದುಡ್ಡಿಲ್ಲ, ಹಾಗಾಗಿ ರೈತ ಬೇಗ ಹೇಳುತ್ತಾನೆ ಅಂತ. ಕಾಗದದ ಮೇಲೆ ಸರಿಯಾಗೇ ಇದೆ.

ಶೆಡ್ಡಿನಲ್ಲಿ ನಿಂತವನ ಕಡೆಯಿಂದ ನೋಡಿ. ಬೆಳಿಗ್ಗೆ ಹತ್ತು ಕೋಳಿ ಸತ್ತಿವೆ. ಅದು ಹಕ್ಕಿ ಜ್ವರವೋ, ನಮ್ಮ ಕಡೆ ಕೊಕ್ಕರೆ ರೋಗ ಅನ್ನುವ ರಾಣಿಖೇತೋ, ಬಿಸಿಲಿನ ಝಳವೋ ಅವನಿಗೆ ಗೊತ್ತಾಗುವುದಿಲ್ಲ. ನೋಡಿದ ಮಾತ್ರಕ್ಕೆ ಡಾಕ್ಟರಿಗೂ ಹೇಳುವುದು ಕಷ್ಟ. ಫೋನ್ ಮಾಡಿದ ಅಂದುಕೊಳ್ಳಿ. ರಾಣಿಖೇತ್ ಅಂತ ಬಂದರೆ ಪರಿಹಾರ ಇಲ್ಲ. ಆದರೆ ಆ ಫಾರ್ಮಿಗೆ ಇಲಾಖೆಯ ಗಾಡಿ ಬಂದಿತ್ತಂತೆ ಅನ್ನುವ ಮಾತು ಸಂಜೆಯೊಳಗೆ ತಾಲೂಕಿಡೀ ಹಬ್ಬಿರುತ್ತದೆ. ಮಾಲು ಎತ್ತುವವರು ಬರುವುದನ್ನು ನಿಲ್ಲಿಸುತ್ತಾರೆ. ಹಕ್ಕಿ ಜ್ವರ ಅಂತಲೇ ಬಂದರೆ ಅವನ ಕೋಳಿಯ ಜೊತೆ ಪಕ್ಕದವನದ್ದೂ ಹೋಗುತ್ತದೆ, ಅದರಾಚೆಯವನದ್ದೂ ಹೋಗುತ್ತದೆ. ಒಂದೇ ಊರಿನಲ್ಲಿ ಬದುಕುವವರು, ಒಂದೇ ಬಾವಿಯ ನೀರು ಹಂಚಿಕೊಂಡವರು. "ನಿನ್ನ ಫೋನಿನಿಂದ ನನ್ನ ಶೆಡ್ಡು ಖಾಲಿ ಆಯ್ತು" ಅನ್ನುವ ಮಾತನ್ನು ಅವನು ಜೀವಮಾನ ಕೇಳಬೇಕು. ಆಮೇಲೆ ಶೆಡ್ಡು ತೊಳೆದು, ಮೂರು ತಿಂಗಳ ನಿಗಾ ಮುಗಿಸಿ, ಹೊಸ ಮರಿ ಬಿಟ್ಟು, ಅವು ಮೊಟ್ಟೆಗೆ ಬರಲು ಇನ್ನೂ ಐದು ತಿಂಗಳು. ಅಲ್ಲಿಯ ತನಕ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಪರಿಹಾರ ಸಿಗುವುದು ಕೋಳಿಯ ತಲೆ ಲೆಕ್ಕಕ್ಕೆ. ಖಾಲಿ ಬಿದ್ದ ತಿಂಗಳುಗಳಿಗೆ ಯಾವ ಲೆಕ್ಕವೂ ಇಲ್ಲ.

ಹೀಗಿರುವಾಗ ಅವನು ಏನು ಮಾಡುತ್ತಾನೆ? ಎರಡು ದಿನ ನೋಡೋಣ ಅನ್ನುತ್ತಾನೆ. ಮೆಡಿಕಲ್ ಅಂಗಡಿಯಿಂದ ಔಷಧಿ ತಂದು ನೀರಿಗೆ ಹಾಕುತ್ತಾನೆ. ಒಳ್ಳೆಯ ಕೋಳಿಗಳನ್ನು ಬಂದ ದರಕ್ಕೆ ಮಾರಿಬಿಡೋಣ ಅನ್ನುವ ಆಸೆಯೂ ಹುಟ್ಟುತ್ತದೆ. ಅವನನ್ನು ಕಳ್ಳ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಹಕ್ಕಿ ಜ್ವರದಲ್ಲಿ ಎರಡು ದಿನ ಅಂದರೆ ಬಹಳ ದೊಡ್ಡ ಹೊತ್ತು. ವೈರಸ್ಸಿನ ಜೋರಾದ ತಳಿಯಾದರೆ ಅಷ್ಟರಲ್ಲಿ ಒಂದಿಡೀ ಶೆಡ್ಡು ಮಲಗಿಬಿಡುತ್ತದೆ. ಅಷ್ಟರಲ್ಲಿ ಫೀಡಿನ ಲಾರಿ ಬಂದು ಹೋಗಿರುತ್ತದೆ, ಮೊಟ್ಟೆಯ ಟೆಂಪೋ ಬಂದು ಹೋಗಿರುತ್ತದೆ, ಗೊಬ್ಬರದ ಟ್ರ್ಯಾಕ್ಟರು ಬಂದು ಹೋಗಿರುತ್ತದೆ. ಹಿಕ್ಕೆಯಲ್ಲಿರುವ ವೈರಸ್ ಚಕ್ರಕ್ಕೆ, ಚಪ್ಪಲಿಗೆ, ಚೀಲಕ್ಕೆ ಮೆತ್ತಿಕೊಂಡು ಮುಂದಿನ ಊರಿಗೆ ಹೊರಟಿರುತ್ತದೆ.

ಇದು ಇವತ್ತಿನ ಕತೆಯಲ್ಲ. ಭಾರತದಲ್ಲಿ ಕೋಳಿಗಳಲ್ಲಿ ಹಕ್ಕಿ ಜ್ವರ ಮೊದಲು ಖಚಿತವಾದದ್ದು ನಮ್ಮದೇ ರಾಜ್ಯದ ನಂದುರಬಾರ್ ಜಿಲ್ಲೆಯ ನವಾಪುರದಲ್ಲಿ, 2006ರ ಫೆಬ್ರವರಿಯಲ್ಲಿ. ಆಗಲೂ ಶುರುವಿನಲ್ಲಿ ಸಾಯುತ್ತಿದ್ದ ಕೋಳಿಗಳನ್ನು ನೋಡಿ ರಾಣಿಖೇತ್ ಅಂತಲೇ ತಿಳಿದಿದ್ದರು. ಭೋಪಾಲದ ಪ್ರಯೋಗಾಲಯದಿಂದ ಹಕ್ಕಿ ಜ್ವರದ ವೈರಸ್ ಎಚ್5ಎನ್1 ಅಂತ ಬರುವಷ್ಟರಲ್ಲಿ ದಿನಗಳು ಕಳೆದುಹೋಗಿದ್ದವು. ಮುಂದಿನ ತಿಂಗಳು ಜಳಗಾಂವ್. ಹದಿನೈದು ವರ್ಷ ಬಿಟ್ಟು, 2021ರ ಫೆಬ್ರವರಿಯಲ್ಲಿ ಅದೇ ನವಾಪುರದಲ್ಲಿ ಮತ್ತೆ ಲಕ್ಷಗಟ್ಟಲೆ ಕೋಳಿ ಕೊಂದರು. ಆ ವರ್ಷದ ಜನವರಿಯಲ್ಲಿ ಪರಭಣಿ ಜಿಲ್ಲೆಯ ಮುರುಂಬಾ, 2022ರಲ್ಲಿ ಠಾಣೆ ಜಿಲ್ಲೆಯ ಶಹಾಪುರ ತಾಲೂಕು, 2025ರ ಜನವರಿಯಲ್ಲಿ ಉರಣ್ ಹತ್ತಿರದ ಚಿರ್ನೇರ್. ಅದೇ ತಿಂಗಳು ಬೀದರಿನ ಮಗ್ಗುಲಲ್ಲೇ ಇರುವ ಉದಗೀರಿನಲ್ಲಿ ಕಾಗೆಗಳು ಸತ್ತವು. ಅದರ ಹಿಂದೆಯೇ ನಮ್ಮ ಕರ್ನಾಟಕದ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಿಂದ ಸುದ್ದಿ ಬಂತು. ಪ್ರತಿ ಸಲವೂ ಕೊಲ್ಲುವ ಪಡೆ ಸಿದ್ಧವಾಗಿ ಬರುತ್ತದೆ. ಬಿಳಿ ಸೂಟು ತೊಟ್ಟ ಹುಡುಗರು, ಜೆಸಿಬಿ, ಗುಂಡಿ, ಸುಣ್ಣ. ಅವರ ಕಷ್ಟ ಸಣ್ಣದಲ್ಲ, ಅವರಿಗೆ ನನ್ನ ನಮಸ್ಕಾರ. ಆದರೆ ಆ ಹೊತ್ತಿಗೆ ಮಾಡಲು ಉಳಿಯುವ ಕೆಲಸ ಅದೊಂದೇ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಶಿರೂರು ತಾಲೂಕಿನ ಒಂದು ಲೇಯರ್ (ಮೊಟ್ಟೆ ಕೋಳಿಯ) ಫಾರ್ಮಿಗೆ ಹೋಗಿದ್ದೆ. ಅಲ್ಲಿ ಕೆಲಸಕ್ಕಿರುವ ಗಂಡ ಹೆಂಡತಿ ನಮ್ಮ ಇಂಡಿ ತಾಲೂಕಿನವರು. ಶೆಡ್ಡಿನ ಪಕ್ಕದ ತಗಡಿನ ಮನೆಯಲ್ಲೇ ವಾಸ. ಶೆಡ್ಡಿನ ಬಾಗಿಲಲ್ಲಿ ಕಾಲು ಅದ್ದಲು ಅಂತ ಒಂದು ಸಿಮೆಂಟಿನ ತೊಟ್ಟಿ ಇತ್ತು. ಔಷಧಿಯ ನೀರಿರಬೇಕಾದ ತೊಟ್ಟಿ ಒಣಗಿತ್ತು. ಅದರ ತಳದಲ್ಲಿ ಪುಕ್ಕ, ಒಂದು ಖಾಲಿ ಗುಟ್ಕಾ ಚೀಟಿ. ಒಳಗೆ ಮೊಳೆಗೆ ನೇತುಹಾಕಿದ ವಹಿ. ಅದರಲ್ಲಿ ದಿನಾ ಎಷ್ಟು ಫೀಡ್ ಹೋಯಿತು, ಎಷ್ಟು ಮೊಟ್ಟೆ ಬಂತು, ಎಷ್ಟು ಸತ್ತವು ಅಂತ ಅಕ್ಕ ಪೆನ್ಸಿಲಿನಲ್ಲಿ ಬರೆಯುತ್ತಾರೆ. ಅಂಕಿ ಎಲ್ಲ ಕನ್ನಡದಲ್ಲಿ, ದುಂಡಗೆ, ಒಂದು ದಿನವೂ ತಪ್ಪಿಲ್ಲ. ಜಾಸ್ತಿ ಸತ್ತರೆ ಯಾರಿಗೆ ಹೇಳುತ್ತೀರಿ ಅಂತ ಕೇಳಿದೆ.

"ಯಾರಿಗ್ ಹೇಳೂದ್ರಿ ಅಣ್ಣಾರ? ಮಾಲಕರಿಗೆ ಹೇಳ್ತೀವಿ. ಅವ್ರು ನಾಳೆ ನೋಡೂಣು ಅಂತಾರ. ಸತ್ತಿದ್ದನ್ನ ಇವ್ರು ಹಿಂದ ಒಯ್ದು ಕಾಲುವಿ ಕಡೆ ಒಗದ್ ಬರ್ತಾರ. ನಾಯಿ, ಕಾಗಿ ತಿಂತಾವ."

ಸಾಹೇಬರೇ, ಈ ರಾಜ್ಯದಲ್ಲಿ ಹಕ್ಕಿ ಜ್ವರವನ್ನು ಮೊದಲು ಕಾಣುವ ಕಣ್ಣು ಇಂಥ ಅಕ್ಕಂದಿರದ್ದು. ಮೊಟ್ಟೆ ಕಮ್ಮಿಯಾದದ್ದು, ಚಿಪ್ಪಿಲ್ಲದ ಮೊಟ್ಟೆ ಬಿದ್ದದ್ದು, ಜುಟ್ಟು ನೀಲಿಯಾದದ್ದು, ತಲೆ ಊದಿದ್ದು ಅವರಿಗೆ ಕಾಣುತ್ತದೆ. ಆ ವಹಿಯಲ್ಲಿ ಎಲ್ಲ ಇರುತ್ತದೆ. ಆದರೆ ಅವರಿಗೆ ಮರಾಠಿ ಓದಲು ಬರುವುದಿಲ್ಲ. ಅವರ ಕೈಗೆ ಗ್ಲೌಸ್ ಇಲ್ಲ. ಕೋಳಿಯೆಲ್ಲ ಕೊಂದುಹಾಕಿದರೆ ಮರುದಿನದಿಂದ ಕೂಲಿ ಇಲ್ಲ, ಇರುವ ತಗಡಿನ ಮನೆಯನ್ನೂ ಬಿಡಬೇಕು. ಪರಿಹಾರದ ಪಟ್ಟಿಯಲ್ಲಿ ಕೋಳಿಗೆ ಜಾಗವಿದೆ, ಮೊಟ್ಟೆಗೆ ಇದೆ, ಫೀಡಿಗೆ ಇದೆ. ಆ ಕೋಳಿ ಸಾಕಿದ ಕೂಲಿಯವರಿಗೆ ಇಲ್ಲ. ಬ್ರಾಯ್ಲರ್ ಕಡೆ ಹೋದರೆ ಇನ್ನೊಂದು ತೊಡಕು. ಅಲ್ಲಿ ಮರಿ, ಫೀಡ್, ಔಷಧಿ ಕಂಪನಿಯದ್ದು. ಶೆಡ್ಡು, ಕರೆಂಟು, ದುಡಿಮೆ ರೈತನದ್ದು. ಕೆಜಿಗೆ ಇಷ್ಟು ಅಂತ ಅವನಿಗೆ ಸಾಕಾಣಿಕೆ ಕೂಲಿ. ಕೋಳಿಯೇ ಅವನದ್ದಲ್ಲ ಅಂದಮೇಲೆ ಕೋಳಿಯ ಪರಿಹಾರದಿಂದ ಅವನಿಗೇನು ಬಂತು?

ಹಾಗಾಗಿ ನಾನು ಕೇಳುವುದು ಇದು. ಶಂಕೆ ಬಂದ ದಿನವೇ ತಿಳಿಸಿದ ಫಾರ್ಮಿಗೆ, ಆ ದಿನ ಸತ್ತ ಕೋಳಿಗಳನ್ನೂ ಪರಿಹಾರದ ಲೆಕ್ಕಕ್ಕೆ ಸೇರಿಸಿ. ಪೂರ್ತಿ ಆಗದಿದ್ದರೆ ಒಂದು ಪಾಲಾದರೂ ಕೊಡಿ. ವಹಿ ಸರಿಯಾಗಿ ಬರೆದಿಟ್ಟವನ ಲೆಕ್ಕವನ್ನು ನಂಬಿ. ಪರಿಹಾರದ ಮೊತ್ತವನ್ನು ರೋಗ ಬಂದ ಮೇಲೆ ಮಂಜೂರು ಮಾಡಿಸುವ ಬದಲು, ಮೊದಲೇ ಜಿಲ್ಲಾಧಿಕಾರಿಗಳ ಹತ್ತಿರ ಮೀಸಲಿಡಿ. ಕೊಂದ ದಿನದಿಂದ ಹದಿನೈದು ದಿನದೊಳಗೆ ಖಾತೆಗೆ ಬೀಳಲಿ. ಕೆಲಸ ಹೋದ ಕೂಲಿಯವರಿಗೆ ಶೆಡ್ಡು ಖಾಲಿ ಇರುವ ಮೂರು ತಿಂಗಳ ಕೂಲಿಯ ಒಂದು ಭಾಗ, ಸಾಕಾಣಿಕೆ ಕೂಲಿಯ ರೈತನಿಗೆ ಒಂದು ಬ್ಯಾಚಿನ ದುಡ್ಡು ಕೊಡಿ. ಪರೀಕ್ಷೆಯಲ್ಲಿ ರಾಣಿಖೇತ್ ಅಂತ ಬಂದರೂ ಪರೀಕ್ಷೆಯ ಖರ್ಚು ರೈತನ ಮೇಲೆ ಬೀಳಬಾರದು, ಅವನ ಫಾರ್ಮಿನ ಹೆಸರು ಹೊರಗೆ ಹೋಗಬಾರದು. ಈ ಖರ್ಚು ದೊಡ್ಡದಾಗಿ ಕಾಣಬಹುದು. ಎರಡು ದಿನ ತಡವಾದರೆ ಕೊಲ್ಲಬೇಕಾಗುವ ಕೋಳಿಗಳ ಪರಿಹಾರದ ಪಕ್ಕ ಇಟ್ಟು ನೋಡಿ.

ತಡೆಗಟ್ಟುವ ಮಾತಿಗೆ ಬಂದರೆ, ಅದು ಆಗದ ಕೆಲಸವೇನಲ್ಲ ಅಂತ ನಮ್ಮ ದೇಶವೇ ತೋರಿಸಿದೆ. 2023ರಲ್ಲಿ ಮಹಾರಾಷ್ಟ್ರ, ತಮಿಳುನಾಡು, ಉತ್ತರ ಪ್ರದೇಶ, ಛತ್ತೀಸಗಢದ 26 ಕೋಳಿ ಘಟಕಗಳನ್ನು ಹಕ್ಕಿ ಜ್ವರದಿಂದ ಮುಕ್ತ ಅಂತ ಭಾರತ ಘೋಷಿಸಿತು. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಅದನ್ನು ಒಪ್ಪಿತು. ಒಳಗೆ ಹೋಗುವವರು ಸ್ನಾನ ಮಾಡಿ ಬಟ್ಟೆ ಬದಲಿಸುವುದು, ಗಾಡಿಯ ಚಕ್ರಕ್ಕೆ ಔಷಧಿ ಹೊಡೆಯುವುದು, ಕಾಡುಹಕ್ಕಿ ಬರದಂತೆ ಬಲೆ ಕಟ್ಟುವುದು ಇವೆಲ್ಲ ದೊಡ್ಡ ಕಂಪನಿಗಳ ಜಾಗದಲ್ಲಿ ನಡೆಯುತ್ತದೆ. ಎರಡು ಸಾವಿರ, ಐದು ಸಾವಿರ ಕೋಳಿಯ ಶೆಡ್ಡಿನವನಿಗೆ ಅಷ್ಟೆಲ್ಲ ಬೇಕಿಲ್ಲ. ಶೆಡ್ಡಿಗೆಂದೇ ಒಂದು ಜೊತೆ ಗಂಬೂಟು, ಬಾಗಿಲ ತೊಟ್ಟಿಗೆ ದಿನಾ ಔಷಧಿ, ಕಿಟಕಿಗೆ ಬಲೆ, ಸತ್ತ ಕೋಳಿಗೆ ಸುಣ್ಣದ ಗುಂಡಿ, ಹೊರಗಿನ ಗಾಡಿ ನಿಲ್ಲಲು ಗೇಟಿನಾಚೆ ಜಾಗ. ಇಷ್ಟಕ್ಕೆ ಅರ್ಧ ಹಣ ಸರ್ಕಾರ ಹಾಕಿದರೆ ಉಳಿದದ್ದನ್ನು ಅವನು ಹಾಕುತ್ತಾನೆ. ಹಿತ್ತಲಿನಲ್ಲಿ ಜವಾರಿ ಕೋಳಿ ಸಾಕುವವರದ್ದು ಬೇರೆಯೇ ಪ್ರಶ್ನೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 85 ಕೋಟಿ ಕೋಳಿ-ಬಾತುಗಳಿದ್ದವು, ಅದರಲ್ಲಿ ಸುಮಾರು 32 ಕೋಟಿ ಹಿತ್ತಲಿನವು. ಅವಕ್ಕೆ ಗೇಟೂ ಇಲ್ಲ, ತೊಟ್ಟಿಯೂ ಇಲ್ಲ. ಅಲ್ಲಿ ಕೆಲಸ ಮಾಡಬಲ್ಲವರು ಊರಿನಲ್ಲಿ ಜಾನುವಾರು ಆರೈಕೆಗೆ ನೆರವಾಗುವ ಪಶುಸಖಿಯರು, ಸ್ವಸಹಾಯ ಗುಂಪಿನವರು. ಅವರಿಗೆ ತರಬೇತಿ ಕೊಟ್ಟು, ಗೌರವಧನ ಕೊಟ್ಟು ಈ ಕೆಲಸಕ್ಕೆ ಹಚ್ಚಿ.

ಈಗ ನನ್ನ ಕಸುಬಿನ ಒಂದು ವಸ್ತುವಿನ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು. ಯೋಜನೆ ಬರೆಯುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಮೊಟ್ಟೆಯ ಟ್ರೇ. ಮೂವತ್ತು ಮೊಟ್ಟೆ ಹಿಡಿಸುವ ರಟ್ಟಿನ ಟ್ರೇ. ಫಾರ್ಮಿನಿಂದ ನನ್ನ ಗೋದಾಮಿಗೆ ಬರುತ್ತದೆ, ಅಂಗಡಿಗೆ ಹೋಗುತ್ತದೆ, ಖಾಲಿಯಾಗಿ ಮತ್ತೆ ನನ್ನ ಹತ್ತಿರ ಬರುತ್ತದೆ. ನೂರಿನ ಕಟ್ಟು ಕಟ್ಟಿ ಟೆಂಪೋಗೆ ಹಾಕುತ್ತಾರೆ. ಅದು ಬಂದ ಫಾರ್ಮಿಗೇ ವಾಪಸ್ ಹೋಗುತ್ತದೆ ಅಂತೇನಿಲ್ಲ. ಶಿರೂರಿನ ಟ್ರೇ ದೌಂಡಕ್ಕೆ, ದೌಂಡದ್ದು ಖೇಡಕ್ಕೆ. ಒಂದು ಟ್ರೇ ಎತ್ತಿ ನೋಡಿ. ಒಡೆದ ಮೊಟ್ಟೆಯ ಲೋಳೆ ಒಣಗಿ ಅಂಟಿರುತ್ತದೆ, ಮೂಲೆಯಲ್ಲಿ ಹಿಕ್ಕೆ, ಒಂದೆರಡು ಪುಕ್ಕ. ರಟ್ಟು ತೊಳೆಯಲು ಬರುವುದಿಲ್ಲ. ತೊಳೆದರೆ ಮುದ್ದೆಯಾಗುತ್ತದೆ. ಪ್ಲಾಸ್ಟಿಕ್ ಟ್ರೇ ತೊಳೆಯಬಹುದು, ಔಷಧಿ ನೀರಿನಲ್ಲಿ ಅದ್ದಬಹುದು. ಬೆಲೆ ಜಾಸ್ತಿ, ಅಂಗಡಿಗೆ ಕೊಟ್ಟರೆ ವಾಪಸ್ ಬರುವ ಖಾತ್ರಿ ಇಲ್ಲ. ಹಾಗಾಗಿ ಒಬ್ಬ ವ್ಯಾಪಾರಿ ಒಬ್ಬನೇ ಇದನ್ನು ಶುರು ಮಾಡಲಾರ. ಮಾಡಿದರೆ ಅವನ ಮೊಟ್ಟೆಯ ದರ ಪಕ್ಕದವನಿಗಿಂತ ಏರುತ್ತದೆ. ಎಲ್ಲರೂ ಕೂಡಿ ಮಾಡಬೇಕಾದ ಕೆಲಸ ಇದು, ಅದಕ್ಕೇ ಸರ್ಕಾರದ ಹಣ ಬೇಕು.

ಪುಣೆ ಮೊಟ್ಟೆಯ ಊರು. ಬೆಳಗಾದರೆ ನಾವೆಲ್ಲ ಎದುರು ನೋಡುವ, ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹೇಳುವ ಎನ್‌ಇಸಿಸಿ ದರ ಪುಣೆಯವರಿಗೆ ಹೊಸದಲ್ಲ. ದೇಶದ ದೊಡ್ಡ ಹ್ಯಾಚರಿ ಉದ್ಯಮ ಬೆಳೆದದ್ದೂ ಇದೇ ಊರಿನಿಂದ. ಇಂಥ ಊರಿನಲ್ಲಿ ಟ್ರೇ ಮತ್ತು ಕೋಳಿಯ ಪಂಜರ ತೊಳೆಯುವ ಒಂದು ಸಾರ್ವಜನಿಕ ಜಾಗ ಇಲ್ಲ ಅಂದರೆ ಹೇಗೆ? ಪಾಲಿಕೆ ಜಾಗ ಕೊಡಲಿ, ಇಲಾಖೆ ಯಂತ್ರ ಹಾಕಲಿ, ನಾವು ಟ್ರೇಗೆ ಇಷ್ಟು ಅಂತ ಕೊಟ್ಟು ತೊಳೆಸಿಕೊಳ್ಳುತ್ತೇವೆ. ಜೀವಂತ ಕೋಳಿ ತರುವ ಗಾಡಿಗಳ ಪಂಜರಗಳದ್ದೂ ಇದೇ ಪಾಡು. ಬೆಳಿಗ್ಗೆ ಹತ್ತು ಚಿಕನ್ ಅಂಗಡಿ ಸುತ್ತಿದ ಪಂಜರ ಮಧ್ಯಾಹ್ನ ಹಾಗೇ ಇನ್ನೊಂದು ಫಾರ್ಮಿನೊಳಗೆ ಹೋಗುತ್ತದೆ. ಹಾಂಕಾಂಗಿನಲ್ಲಿ 1997ರಲ್ಲಿ ಈ ರೋಗ ಮೊದಲ ಸಲ ಮನುಷ್ಯರಿಗೆ ಬಂದು 18 ಜನ ಹಾಸಿಗೆ ಹಿಡಿದರು, 6 ಜನ ಸತ್ತರು. ಜೀವಂತ ಕೋಳಿ ಮಾರುವ ಮಾರುಕಟ್ಟೆಗಳೇ ಅಲ್ಲಿ ಸೋಂಕಿನ ಗೂಡಾಗಿದ್ದವು. ಆಮೇಲೆ ಅವರು ಆ ಮಾರುಕಟ್ಟೆಗಳಿಗೆ ಕೋಳಿಯೇ ಇಲ್ಲದ ಶುಚಿತ್ವದ ದಿನಗಳನ್ನು ಗೊತ್ತುಮಾಡಿದರು. ನಮ್ಮಲ್ಲೂ ತಿಂಗಳಿಗೆ ಒಂದು ದಿನ ಹಾಗೆ ಮಾಡಬಹುದು. ಆ ದಿನದ ವ್ಯಾಪಾರ ಹೋಗುತ್ತದೆ ಅಂತ ಅಂಗಡಿಯವರು ಗೊಣಗುತ್ತಾರೆ, ನಿಜ. ಹೇಳಿ ಒಪ್ಪಿಸಬೇಕು.

ಕಾಡುಹಕ್ಕಿಗಳ ವಿಷಯದಲ್ಲಿ ನನ್ನದು ಒಂದು ಕೋರಿಕೆ, ಒಂದು ನೋವು.

ನೋವು ಏನೆಂದರೆ, ರೋಗ ಬಂದ ಕೂಡಲೇ ವಲಸೆ ಹಕ್ಕಿಗಳ ಮೇಲೆ ಗೂಬೆ ಕೂರಿಸುತ್ತೇವೆ. ಈ ಎಚ್5ಎನ್1ರ ವಂಶ ಮೊದಲು ಸಿಕ್ಕಿದ್ದು 1996ರಲ್ಲಿ, ಚೀನಾದ ಗುವಾಂಗ್‌ಡಾಂಗ್‌ನ ಸಾಕಿದ ಹೆಬ್ಬಾತಿನಲ್ಲಿ. ಸಾಕಿದವುಗಳಿಂದ ಕಾಡಿನವುಗಳಿಗೆ ಹೋಯಿತು, ಅಲ್ಲಿಂದ ತಿರುಗಿ ಬರುತ್ತಿದೆ. 2005ರಲ್ಲಿ ಚೀನಾದ ಚಿಂಗ್‌ಹೈ ಸರೋವರದಲ್ಲಿ ಸಾವಿರಾರು ಹಕ್ಕಿ ಸತ್ತವು, ಹೆಚ್ಚಿನವು ಪಟ್ಟೆತಲೆ ಹೆಬ್ಬಾತುಗಳು. 2021ರ ಜನವರಿಯಲ್ಲಿ ಹಿಮಾಚಲದ ಪೋಂಗ್ ಜಲಾಶಯದಲ್ಲಿ ಮತ್ತೆ ಸಾವಿರಾರು, ಮತ್ತೆ ಹೆಬ್ಬಾತುಗಳೇ ಜಾಸ್ತಿ. ಹಿಮಾಲಯ ದಾಟಿ ಬರುವ ಅದೇ ಹೆಬ್ಬಾತು ಚಳಿಗಾಲದಲ್ಲಿ ನಮ್ಮ ಉಜನಿಯ ಹಿನ್ನೀರಿಗೆ, ಭಿಗವಣಕ್ಕೆ ಬರುತ್ತದೆ. ಉಜನಿಯ ಆ ನೀರು ಮುಂದೆ ಭೀಮೆಯಾಗಿ ನಮ್ಮ ಇಂಡಿ, ಅಫಜಲಪುರಕ್ಕೆ ಹರಿಯುತ್ತದೆ. ಠಾಣೆ ಖಾರಿಯಲ್ಲಿ ರಾಜಹಂಸಗಳು ನೆರೆಯುತ್ತವೆ, 2022ರಲ್ಲಿ ಅದು ರಾಮ್ಸಾರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯಿತು. ಈ ಹಕ್ಕಿಗಳು ರೋಗ ಹೊತ್ತು ತರಬಹುದು, ಹೌದು. ಆದರೆ ನಮ್ಮ ಕಾಲುವೆಗೆ ಎಸೆದ ಸತ್ತ ಕೋಳಿಯಿಂದ, ನದಿ ದಂಡೆಗೆ ಸುರಿದ ಚಿಕನ್ ಅಂಗಡಿಯ ಕಸದಿಂದ ಅವೂ ರೋಗ ಹತ್ತಿಸಿಕೊಳ್ಳಬಹುದು. ನಾಗಪುರದ ಗೋರೆವಾಡಾ ವನ್ಯಪ್ರಾಣಿ ರಕ್ಷಣಾ ಕೇಂದ್ರದಲ್ಲಿ 2024ರ ಕೊನೆಗೆ ಮೂರು ಹುಲಿ, ಒಂದು ಚಿರತೆ ಸತ್ತವು. ಪರೀಕ್ಷೆಯಲ್ಲಿ ಎಚ್5ಎನ್1 ಅಂತ ಬಂತು. ಹುಲಿಯನ್ನೂ ಬಿಡದ ರೋಗ ಇದು.

ಕೋರಿಕೆ ಇದು. 2021ರ ಜನವರಿಯಲ್ಲಿ ಮುಂಬೈ, ಠಾಣೆ, ದಾಪೋಲಿ, ಬೀಡ್‌ನಲ್ಲಿ ಸತ್ತ ಹಕ್ಕಿಗಳಲ್ಲಿ ರೋಗ ಸಿಕ್ಕಿತು. ಸತ್ತ ಕಾಗೆಗಳೇ ನಮಗೆ ಸುದ್ದಿ ಮುಟ್ಟಿಸಿದ್ದು. ನಾಳೆ ನಮ್ಮ ಓಣಿಯಲ್ಲಿ ನಾಲ್ಕು ಕಾಗೆ ಸತ್ತು ಬಿದ್ದರೆ ಯಾರಿಗೆ ಫೋನ್ ಮಾಡಬೇಕು? ಕಾಡುಹಕ್ಕಿಯೆಂದು ಅರಣ್ಯ ಇಲಾಖೆಗೋ, ಕಸವೆಂದು ಪಾಲಿಕೆಗೋ, ರೋಗವೆಂದು ನಿಮಗೋ? ಜನಕ್ಕೆ ಗೊತ್ತಿಲ್ಲ. ಅಷ್ಟರಲ್ಲಿ ಸಫಾಯಿಯವರು ಬರಿಗೈಯಲ್ಲಿ ಎತ್ತಿ ಗಾಡಿಗೆ ಹಾಕಿರುತ್ತಾರೆ. ಇಲ್ಲವೇ ಹಕ್ಕಿ ಪ್ರೀತಿಸುವ ಯಾವುದೋ ಹುಡುಗ ನರಳುತ್ತಿರುವ ಕಾಗೆಯನ್ನು ಎದೆಗವಚಿಕೊಂಡು ಮನೆಗೆ ಒಯ್ದಿರುತ್ತಾನೆ. ಪಶುವೈದ್ಯ ಸೇವೆಗೆ 1962 ಅನ್ನುವ ಸಂಖ್ಯೆ ಈಗಾಗಲೇ ಇದೆ. ಸತ್ತ ಹಕ್ಕಿಯ ಸುದ್ದಿಗೂ ಅದನ್ನೇ ಮಾಡಿ, ಮೂರೂ ಇಲಾಖೆಗೆ ಅಲ್ಲಿಂದಲೇ ಮಾಹಿತಿ ಹೋಗಲಿ. ಪ್ರತಿ ವಾರ್ಡಿನಲ್ಲಿ ಇಬ್ಬರಿಗೆ ಗ್ಲೌಸ್, ಮಾಸ್ಕ್, ಮುಚ್ಚುವ ಚೀಲ, ಐಸ್ ಪೆಟ್ಟಿಗೆ ಕೊಟ್ಟು ಕಲಿಸಿ. ಮುಂಬೈನ ಬಿಎನ್‌ಎಚ್‌ಎಸ್ (ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ) 1883ರಿಂದ ಇರುವ ಸಂಸ್ಥೆ. ದಶಕಗಳಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ದಾರಿ ಹಿಡಿದವರು. ಚಳಿಗಾಲದಲ್ಲಿ ಭಿಗವಣ, ಠಾಣೆ ಖಾರಿ, ಜಾಯಕವಾಡಿಯಲ್ಲಿ ಹಕ್ಕಿಗಳ ಹಿಕ್ಕೆಯ ಮಾದರಿ ತೆಗೆದು ಪರೀಕ್ಷಿಸುವ ಕೆಲಸವನ್ನು ಇಂಥವರ ಜೊತೆ ವರ್ಷ ವರ್ಷವೂ ನಡೆಸಲು ಹಣ ಇಡಿ. ರೋಗ ಬಂದ ವರ್ಷ ಮಾತ್ರ ಮಾಡಿದರೆ ಅದರಿಂದ ಮುನ್ಸೂಚನೆ ಸಿಗುವುದಿಲ್ಲ.

ಪರೀಕ್ಷೆಯ ಬಗ್ಗೆ ಒಂದು ಮಾತು. ಪುಣೆಯ ಅದೃಷ್ಟ ಏನೆಂದರೆ ಔಂಧ್‌ನಲ್ಲಿ ಪ್ರಾಣಿ ರೋಗಗಳ ಪ್ರಯೋಗಾಲಯವಿದೆ, ಮನುಷ್ಯರ ವೈರಸ್ ಪರೀಕ್ಷೆಗೆ ರಾಷ್ಟ್ರೀಯ ವೈರಾಣು ಸಂಸ್ಥೆ ಇದೆ. 2021ರಲ್ಲಿ ದೆಹಲಿಯಲ್ಲಿ ತೀರಿಕೊಂಡ ಹರಿಯಾಣದ ಬಾಲಕ, 2025ರ ಮಾರ್ಚಿನಲ್ಲಿ ತೀರಿಕೊಂಡ ಆಂಧ್ರದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಮಗು, ಇಬ್ಬರಿಗೂ ಎಚ್5ಎನ್1 ತಗುಲಿತ್ತು ಅಂತ ಖಚಿತಪಡಿಸಿದ್ದು ಇದೇ ಸಂಸ್ಥೆ. ಪ್ರಯೋಗಾಲಯ ನಮ್ಮ ಮಗ್ಗುಲಲ್ಲಿದೆ. ತಾಲೂಕಿನ ಪಶು ದವಾಖಾನೆಯಿಂದ ಅಲ್ಲಿಗೆ ಮಾದರಿ ತರುವ ದಾರಿಯೇ ದೂರ. ಸ್ವಾಬ್ ಕಿಟ್, ಐಸ್, ರಾತ್ರಿಯಾದರೂ ಹೊರಡುವ ಗಾಡಿ, ಅದರ ಡೀಸೆಲ್ಲು ಇವು ತಾಲೂಕಿನಲ್ಲಿ ಇರಬೇಕು. ಪ್ರಾಣಿಗಳ ಆರೋಗ್ಯ ವ್ಯವಸ್ಥೆ ಬಲಪಡಿಸಲು ಜಾಗತಿಕ ಪ್ಯಾಂಡೆಮಿಕ್ ಫಂಡಿನಿಂದ ಭಾರತಕ್ಕೆ 2.5 ಕೋಟಿ ಡಾಲರ್ ಸಿಕ್ಕಿದೆ, 2024ರ ಅಕ್ಟೋಬರಿನಲ್ಲಿ ಆ ಯೋಜನೆ ಶುರುವಾಯಿತು. ಅದರಿಂದ ಒಂದಿಷ್ಟು ತಾಲೂಕಿನ ತನಕ ಇಳಿದರೆ ಸಾಕು.

ಬೇರೆಯವರು ಏನು ಮಾಡಿದ್ದಾರೆ ಅಂತ ಕೇಳಬಹುದು. ಅಮೆರಿಕದಲ್ಲಿ 2022ರಿಂದ ಈ ರೋಗ ಬಿಟ್ಟೇ ಇಲ್ಲ. ಹತ್ತು ಕೋಟಿಗೂ ಜಾಸ್ತಿ ಕೋಳಿ ಹೋದವು, 2024ರಲ್ಲಿ ಹಾಲು ಕೊಡುವ ಹಸುಗಳಿಗೂ ಬಂತು. ಮೊಟ್ಟೆಯ ಬೆಲೆ ಅಲ್ಲಿ ಮನೆಮನೆಯ ಮಾತಾಯಿತು. 2025ರ ಫೆಬ್ರವರಿಯಲ್ಲಿ ಅವರ ಕೃಷಿ ಇಲಾಖೆ ನೂರು ಕೋಟಿ ಡಾಲರಿನ ಯೋಜನೆ ಹೇಳಿತು. ಅದರಲ್ಲಿ 50 ಕೋಟಿ ಫಾರ್ಮುಗಳ ಬಯೋಸೆಕ್ಯುರಿಟಿಗೆ (ರೋಗ ಒಳಗೆ ಬರದಂತೆ ತಡೆಯುವ ಕೆಲಸಕ್ಕೆ), 40 ಕೋಟಿ ನಷ್ಟವಾದ ರೈತರಿಗೆ, 10 ಕೋಟಿ ಲಸಿಕೆ ಮತ್ತಿತರ ಸಂಶೋಧನೆಗೆ. ಅಂದರೆ ಅರ್ಧ ಹಣ ರೋಗ ಬರುವ ಮೊದಲಿನ ಕೆಲಸಕ್ಕೆ. ಅಷ್ಟು ಪೆಟ್ಟು ತಿಂದ ಮೇಲೆ ಅವರು ಆ ಲೆಕ್ಕಕ್ಕೆ ಬಂದರು. ನಾವು ಅಷ್ಟು ಪೆಟ್ಟು ತಿನ್ನುವ ತನಕ ಕಾಯಬೇಕೇ? ಲಸಿಕೆಯ ಚರ್ಚೆ ನಮ್ಮಲ್ಲೂ ಇದೆ. ಅದನ್ನು ವಿಜ್ಞಾನಿಗಳು ತೀರ್ಮಾನಿಸಲಿ. ಲಸಿಕೆ ಬರಲಿ ಅಂತ ಗಂಬೂಟನ್ನು ಮುಂದಕ್ಕೆ ಹಾಕಬೇಡಿ.

ನಮ್ಮ ಕನ್ನಡದ ಜನಕ್ಕೆ ಎರಡು ಮಾತು. ಹೋಟೆಲಿನ ಅಣ್ಣಂದಿರೇ, ಸುದ್ದಿ ಬಂದ ದಿನ ಸುಮ್ನೆ ಹೆದರಿ ಆರ್ಡರ್ ನಿಲ್ಲಿಸಬೇಡಿ. 2020ರಲ್ಲಿ ಕೋಳಿಯಿಂದ ಕೊರೋನಾ ಬರುತ್ತದೆ ಅನ್ನುವ ಸುಳ್ಳು ವಾಟ್ಸಾಪಿನಲ್ಲಿ ಓಡಾಡಿ ಎಷ್ಟು ಸಾಕಾಣಿಕೆದಾರರು ಮುಳುಗಿದರು ಅಂತ ನಿಮಗೆ ನೆನಪಿದೆ ಅಲ್ವಾ? 70 ಡಿಗ್ರಿಗೆ ಪೂರ್ತಿ ಬೆಂದ ಕೋಳಿಯಲ್ಲಿ, ಗಟ್ಟಿಯಾಗಿ ಬೆಂದ ಮೊಟ್ಟೆಯಲ್ಲಿ ಈ ವೈರಸ್ ಉಳಿಯುವುದಿಲ್ಲ. ಅರೆಬೆಂದದ್ದು ಬೇಡ, ಹಸಿ ಮಾಂಸ ಕೊಯ್ದ ಚಾಕು, ಹಲಗೆ ಬೇರೆ ಇರಲಿ, ಕೈ ಸೋಪಿನಿಂದ ತೊಳೆಯಲಿ. ರೋಗದ ಕೋಳಿ ಮುಟ್ಟುವವರಿಗೆ ಅಪಾಯ ಜಾಸ್ತಿ, ತಟ್ಟೆಯ ಮುಂದೆ ಕೂತವರಿಗಲ್ಲ. ಶೆಡ್ಡಿನಲ್ಲಿ ದುಡಿಯುವ ಅಕ್ಕ, ಅಣ್ಣಂದಿರೇ, ಸತ್ತ ಕೋಳಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ, ಮನೆಗೆ ಒಯ್ದು ಅಡುಗೆ ಮಾಡಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಜ್ವರ, ಕೆಮ್ಮು, ಕಣ್ಣು ಕೆಂಪಾದರೆ ದವಾಖಾನೆಯಲ್ಲಿ ಕೋಳಿ ಶೆಡ್ಡಿನ ಕೆಲಸ ಅಂತ ತಪ್ಪದೇ ಹೇಳಿ. ಹೇಳದಿದ್ದರೆ ಡಾಕ್ಟರಿಗೆ ಹೊಳೆಯುವುದಿಲ್ಲ.

ಆಯುಕ್ತರೇ, ಉಜನಿಗೆ ಹಕ್ಕಿಗಳು ನವೆಂಬರಿನ ಹೊತ್ತಿಗೆ ಬಂದಿಳಿಯುತ್ತವೆ. ನಮ್ಮಲ್ಲಿ ರೋಗ ಕಾಣಿಸಿದ್ದೆಲ್ಲ ಹೆಚ್ಚಾಗಿ ಜನವರಿ, ಫೆಬ್ರವರಿಯಲ್ಲಿ. ಅದಕ್ಕೆ ಮುಂಚೆ, ಮಳೆಗಾಲ ಮುಗಿಯುವುದರೊಳಗೆ ಶೆಡ್ಡುಗಳಿಗೆ ಬಲೆ, ಗಂಬೂಟು, ಔಷಧಿ ತಲುಪಬೇಕು. ಕನ್ನಡ, ತೆಲುಗು, ಹಿಂದಿಯಲ್ಲಿ ಒಂದು ಪುಟದ ಸೂಚನೆ ಶೆಡ್ಡಿನ ಗೋಡೆಯ ಮೇಲಿರಬೇಕು. ಕನ್ನಡದ್ದನ್ನು ನಾವೇ ಬರೆದುಕೊಡುತ್ತೇವೆ, ಅಚ್ಚು ಹಾಕಿಸುವ ಖರ್ಚನ್ನೂ ಇಲ್ಲಿನ ಕನ್ನಡ ವ್ಯಾಪಾರಿಗಳು ಹಂಚಿಕೊಳ್ಳಬಹುದು. ಕಳೆದ ಐದು ವರ್ಷದಲ್ಲಿ ಹಕ್ಕಿ ಜ್ವರಕ್ಕೆ ಖರ್ಚಾದ ಹಣದಲ್ಲಿ ತಡೆಗೆ ಎಷ್ಟು, ಕೊಂದ ಮೇಲಿನ ಪರಿಹಾರಕ್ಕೆ ಎಷ್ಟು ಅಂತ ಜಿಲ್ಲಾವಾರು ಪ್ರಕಟಿಸಿ. ಟ್ರೇ ತೊಳೆಯುವ ಜಾಗದ ಬಗ್ಗೆ ಮಾತಾಡಲು ನೀವು ಕರೆದ ದಿನ ಚಿಂಚವಡದ ಮೊಟ್ಟೆ ವ್ಯಾಪಾರಿಗಳು ಔಂಧ್‌ಗೆ ಬರುತ್ತೇವೆ. ಒಂದು ಟ್ರೇಗೆ ಎಷ್ಟು ಕೊಡಬಹುದು ಅನ್ನುವ ಲೆಕ್ಕವನ್ನೂ ತರುತ್ತೇವೆ.

ತಮ್ಮ ವಿಶ್ವಾಸಿ,
ಚಿಂಚವಡದ ಒಬ್ಬ ಮೊಟ್ಟೆ ವ್ಯಾಪಾರಿ